ಎಷ್ಟರವರೆಗೆ, ಇಲ್ಲಿಯವರೆಗೆ

ಸತ್ಯವೇದದ, ಅಂದರೆ ಬೈಬಲಿನ, ಹದಿಮೂರನೆಯ ಕೀರ್ತನೆಯಲ್ಲಿ ಇರುವುದು ಆರೇ ವಚನ. ಮೊದಲ ಎರಡು ವಚನಗಳಲ್ಲೇ ದಾವೀದನು “ಎಷ್ಟರವರೆಗೆ” ಎಂದು ನಾಲ್ಕು ಸಲ ಕೇಳುತ್ತಾನೆ. ಎಷ್ಟರವರೆಗೆ ನನ್ನನ್ನು ಮರೆತಿರುವೆ, ಎಷ್ಟರವರೆಗೆ ಮುಖ ಮರೆಮಾಡಿಕೊಳ್ಳುವೆ, ಎಷ್ಟರವರೆಗೆ ನಾನು ಒಳಗೊಳಗೇ ಚಿಂತೆ ಹೊತ್ತಿರಬೇಕು, ಎಷ್ಟರವರೆಗೆ ವೈರಿಯ ಕೈ ಮೇಲಾಗಿರಬೇಕು. ನಂಬಿಕೆ ಕಳೆದುಕೊಂಡವನೊಬ್ಬ ಬರೆದು ಬಚ್ಚಿಟ್ಟ ಮಾತುಗಳಲ್ಲ ಇವು. ದೇವಜನರು ಕೂಡಿ ಹಾಡಲೆಂದು ಪ್ರಧಾನಗಾಯಕನ ಕೈಗೆ ಒಪ್ಪಿಸಿದ ಹಾಡು ಎಂದು ಮೇಲ್ಬರಹವೇ ಹೇಳುತ್ತದೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇಂಥ ಮೊರೆಗಳೇ ಇವೆ. ಕಷ್ಟಕಾಲದಲ್ಲಿ ದೇವರಿಗೆ ಏನು ಹೇಳಬೇಕೆಂದು ತಿಳಿಯದೆ ಬಾಯಿ ಕಟ್ಟಿಹೋದವರಿಗೆ ಸತ್ಯವೇದ ಕೊಡುವ ಮೊದಲ ಮಾತು “ಸ್ತೋತ್ರ” ಆಗಿರಲೇಬೇಕೆಂದಿಲ್ಲ, “ಎಷ್ಟರವರೆಗೆ” ಎಂಬುದೂ ಆಗಬಹುದು.

ದೇವರು ಒಳ್ಳೆಯವನು ಎಂದು ನಂಬುವುದೆಂದರೆ ನೋವಿನಲ್ಲೂ ಮನಸ್ಸು ಹಗುರವಾಗಿರುವುದು ಎಂದು ಬಹಳ ಜನ ತಿಳಿದುಕೊಂಡಿದ್ದಾರೆ. ಮನಸ್ಸು ಹಗುರವಾಗದಿದ್ದಾಗ “ನನ್ನಲ್ಲಿ ವಿಶ್ವಾಸವೇ ಇಲ್ಲವೇನೋ” ಎಂಬ ಇನ್ನೊಂದು ಹೊರೆಯನ್ನೂ ತಲೆಯ ಮೇಲೆ ಹೇರಿಕೊಳ್ಳುತ್ತಾರೆ. ಆದರೆ ಯಾರೂ ಕಲ್ಲುಗೋಡೆಯ ಮುಂದೆ ನಿಂತು ನ್ಯಾಯ ಕೇಳುವುದಿಲ್ಲ. ಕಿವಿ ಇದೆ, ಕರುಳಿದೆ, ಕೈಯಲ್ಲಿ ಬಲವಿದೆ ಎಂದು ಎಲ್ಲೋ ಆಳದಲ್ಲಿ ನಂಬಿದವನೇ ಮೊರೆಯಿಡುತ್ತಾನೆ. ದಾವೀದನ ನಾಲ್ಕು ಪ್ರಶ್ನೆಗಳಿಗೆ ಅರ್ಥ ಬರುವುದೇ ದೇವರು ಒಳ್ಳೆಯವನಾಗಿದ್ದರೆ. ದೇವರು ಕೆಟ್ಟವನೋ ಉದಾಸೀನನೋ ಆಗಿದ್ದರೆ ಅವನ ಮರೆವಿಗಾಗಿ ಅಳುವವರು ಯಾರು? ಆದ್ದರಿಂದ ಮೊರೆಯನ್ನು ವಿಶ್ವಾಸದ ಕೊರತೆ ಎನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಕತ್ತಲಲ್ಲಿ ವಿಶ್ವಾಸ ತಾಳುವ ರೂಪವೇ ಮೊರೆ.

ಮೊರೆಗೂ ಗೊಣಗಾಟಕ್ಕೂ ವ್ಯತ್ಯಾಸವಿದೆ, ಮತ್ತು ಆ ವ್ಯತ್ಯಾಸವಿರುವುದು ಮಾತಿನ ಕಟುತನದಲ್ಲಲ್ಲ. ಕಟುತನವನ್ನೇ ಅಳೆಯುವುದಾದರೆ ಯೋಬನೂ ಯೆರೆಮೀಯನೂ ಅರಣ್ಯದ ಇಸ್ರಾಯೇಲ್ಯರಿಗಿಂತ ಎಷ್ಟೋ ಮುಂದಿದ್ದಾರೆ. ಧರ್ಮೋಪದೇಶಕಾಂಡ 1:27ರಲ್ಲಿ ಮೋಶೆ ಹಳೆಯದನ್ನು ನೆನಪಿಸುತ್ತಾ, ನೀವು ನಿಮ್ಮ ನಿಮ್ಮ ಗುಡಾರಗಳಲ್ಲಿ ಗುಣುಗುಟ್ಟಿದಿರಿ, ಯೆಹೋವನು ನಮ್ಮನ್ನು ದ್ವೇಷಿಸಿದ್ದರಿಂದಲೇ ಐಗುಪ್ತದಿಂದ ಹೊರಗೆ ತಂದನು ಎಂದಿರಿ, ಎನ್ನುತ್ತಾನೆ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮಾತು ನಡೆದದ್ದು ಗುಡಾರದೊಳಗೆ, ದೇವರಿಗೆ ಬೆನ್ನು ತಿರುಗಿಸಿ. ಜೊತೆಗೆ ಅದು ಪ್ರಶ್ನೆಯಾಗಿ ಉಳಿಯದೆ ತೀರ್ಪಾಗಿಬಿಟ್ಟಿತ್ತು: ದೇವರಿಗೆ ನಾವು ಬೇಡ. ಮೊರೆಯಿಡುವವನು ಅದೇ ಅನುಮಾನವನ್ನು ಎತ್ತಿಕೊಂಡು ದೇವರ ಮುಖದ ಮುಂದೆಯೇ ಇಡುತ್ತಾನೆ, ತೀರ್ಪು ಬರೆಯದೆ ಕಾಯುತ್ತಾನೆ. ನಿಮ್ಮ ದೂರು ಎತ್ತ ಮುಖಮಾಡಿದೆ ಎಂಬುದೊಂದನ್ನು ಪರೀಕ್ಷಿಸಿಕೊಂಡರೆ ಸಾಕು.

ಮೊರೆಯಿಡುವುದಕ್ಕೂ ಒಂದು ಕ್ರಮವಿದೆ. ಅದನ್ನು ಕಲಿಯಲು ಹದಿಮೂರನೆಯ ಕೀರ್ತನೆಗಿಂತ ಚಿಕ್ಕ, ಸ್ಪಷ್ಟ ಮಾದರಿ ಇನ್ನೊಂದಿಲ್ಲ. 1 ಮತ್ತು 2ನೆಯ ವಚನ ದೂರು, 3 ಮತ್ತು 4 ಬೇಡಿಕೆ, 5 ಮತ್ತು 6 ಭರವಸೆ. ದೂರು ಶುರುವಾಗುವ ಮುಂಚೆಯೇ ಒಂದು ಸಣ್ಣ ಕೂಗು ಇದೆ: “ಯೆಹೋವನೇ.” ಹೆಸರು ಹಿಡಿದು ಕರೆಯುವುದು. ಇದನ್ನು ಅಲಂಕಾರವೆಂದು ದಾಟಿಹೋಗಬೇಡಿ. ಮನಸ್ಸಿನಲ್ಲಿ ಸುತ್ತುತ್ತಿರುವ ಚಿಂತೆ ಪ್ರಾರ್ಥನೆಯಾಗುವುದು ಆ ಕರೆಯಿಂದಲೇ. ಎಷ್ಟೋ ಸಲ ನಾವು ಅರ್ಧ ಗಂಟೆ ಮೊಣಕಾಲೂರಿ ಚಿಂತಿಸಿ ಎದ್ದು ಅದನ್ನೇ ಪ್ರಾರ್ಥನೆ ಎಂದುಕೊಂಡಿರುತ್ತೇವೆ, ಅಷ್ಟು ಹೊತ್ತಿನಲ್ಲಿ ದೇವರನ್ನು ಒಮ್ಮೆಯೂ ಕರೆದಿರುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಕೈಯಲ್ಲೇ ಬರೆಯಿರಿ. ಹತ್ತು ಹದಿನೈದು ನಿಮಿಷ ಸಾಕು, ಒಂದು ಸಲಕ್ಕೆ ಒಂದೇ ವಿಷಯ. ಮೊದಲು ಕರೆಯಿರಿ, ನಿಮ್ಮ ಬಾಯಿಗೆ ಸಹಜವಾಗಿ ಬರುವ ಹೆಸರಿನಿಂದ: ತಂದೆಯೇ, ಕರ್ತನೇ, ಯೇಸುವೇ. ಆಮೇಲೆ ಆದದ್ದನ್ನು ಇದ್ದ ಹಾಗೆ ಹೇಳಿ. ಹೆಚ್ಚಿನವರು ತಪ್ಪುವುದು ಇಲ್ಲೇ. “ಕರ್ತನೇ, ನಾನು ಕಷ್ಟದಲ್ಲಿದ್ದೇನೆ” ಎಂದು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತಾರೆ. ಕೀರ್ತನೆಗಳು ಹಾಗೆ ಹೇಳುವುದಿಲ್ಲ. 6ನೆಯ ಕೀರ್ತನೆಯಲ್ಲಿ ಹಾಸಿಗೆ ಕಣ್ಣೀರಿನಲ್ಲಿ ತೇಲುತ್ತದೆ, 22ರಲ್ಲಿ ನಾಲಗೆ ಬಾಯಿಯ ಅಂಗಳಕ್ಕೆ ಅಂಟಿಕೊಳ್ಳುತ್ತದೆ, 102ರಲ್ಲಿ ಊಟ ಮಾಡುವುದೇ ಮರೆತುಹೋಗುತ್ತದೆ, ಮನುಷ್ಯ ಮಾಳಿಗೆಯ ಮೇಲಿನ ಒಂಟಿ ಪಕ್ಷಿಯಂತೆ ನಿದ್ದೆಯಿಲ್ಲದೆ ಕೂತಿರುತ್ತಾನೆ. ವೈದ್ಯರು ಏನೆಂದರು, ಆ ಕ್ಷಣ ನಿಮ್ಮ ಹೊಟ್ಟೆಯಲ್ಲಿ ಏನಾಯಿತು, ಯಾವ ಕೋಣೆಗೆ ಕಾಲಿಡಲು ಆಗುತ್ತಿಲ್ಲ, ಯಾರ ಮೇಲೆ ಸಿಟ್ಟಿದೆ, ಎಲ್ಲವನ್ನೂ ಬರೆಯಿರಿ. ಸಿಟ್ಟು ದೇವರ ಮೇಲೆಯೇ ಇದ್ದರೆ ಅದನ್ನೂ ಬರೆಯಿರಿ. ಅವನಿಗೆ ಅದು ಈಗಾಗಲೇ ಗೊತ್ತು.

ಮೂರನೆಯದು ಬೇಡಿಕೆ. ನನ್ನ ಕಡೆ ನೋಡು, ಉತ್ತರ ಕೊಡು, ನನ್ನ ಕಣ್ಣುಗಳಿಗೆ ಕಳೆ ಕೊಡು ಎಂದು ದಾವೀದನು ಮೂರು ಬೇಡಿಕೆಗಳನ್ನು ಸಾಲಾಗಿ ಇಡುತ್ತಾನೆ. ಬೇಡಿಕೆಯ ಜಾಗದಲ್ಲಿ ಭಕ್ತರಿಗೆ ಒಂದು ವಿಚಿತ್ರ ಸಂಕೋಚ ಬರುತ್ತದೆ. ಬೇಕಾದದ್ದನ್ನು ಕೇಳುವ ಮುಂಚೆಯೇ “ನಿನ್ನ ಚಿತ್ತದಂತೆ ಆಗಲಿ” ಎಂದು ಮುಗಿಸಿಬಿಡುತ್ತಾರೆ. ಅದು ಶರಣಾಗತಿಯಂತೆ ಕಂಡರೂ ಅನೇಕ ವೇಳೆ ನಿರಾಶೆಯಿಂದ ತಪ್ಪಿಸಿಕೊಳ್ಳುವ ದಾರಿ. ಕೇಳದಿದ್ದರೆ “ಇಲ್ಲ” ಎನಿಸಿಕೊಳ್ಳುವ ಭಯವಿಲ್ಲ. ಸೆರೆಸಿಕ್ಕುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಹೇಳಿದ ಕ್ರಮ ನೋಡಿ. ಈ ಪಾತ್ರೆ ನನ್ನಿಂದ ದಾಟಿಹೋಗಲಿ ಎಂಬುದು ಮೊದಲು, ನನ್ನ ಚಿತ್ತದಂತಲ್ಲ ನಿನ್ನ ಚಿತ್ತದಂತೆ ಎಂಬುದು ಆಮೇಲೆ. ಅದನ್ನೂ ಒಂದೇ ಸಲ ಹೇಳಿ ಎದ್ದು ಹೋಗಲಿಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆದಿದ್ದಾನೆ. ದೇವರ ಮಗನೇ ಎರಡನೆಯ ಸಾಲಿಗೆ ನೇರವಾಗಿ ಹಾರಲಿಲ್ಲ ಎಂದಮೇಲೆ ನಾವೇಕೆ ಹಾರಬೇಕು?

ಕೊನೆಯದು ತಿರುವು. 5ನೆಯ ವಚನ “ಆದರೆ” ಎಂಬ ಹೊರಳಿನೊಂದಿಗೆ ಬರುತ್ತದೆ. ಇಬ್ರಿಯ ಮೂಲದಲ್ಲಿ ಇಲ್ಲೊಂದು ಸೂಕ್ಷ್ಮವಿದೆ. “ನಿನ್ನ ಕೃಪೆಯಲ್ಲಿ ಭರವಸವಿಟ್ಟಿದ್ದೇನೆ” ಎಂಬ ಕ್ರಿಯಾಪದ ಆಗಿಹೋದ ಕೆಲಸದ ರೂಪದಲ್ಲಿದೆ. ಹೃದಯ ಹರ್ಷಿಸುವ ಮಾತು ಮುಂದೆ ಆಗಬೇಕಾದ್ದರ ರೂಪದಲ್ಲಿದೆ. ಭರವಸೆ ಈಗಾಗಲೇ ಇಟ್ಟಾಗಿದೆ, ಹರ್ಷ ಇನ್ನೂ ಬಂದಿಲ್ಲ. ಇವೆರಡರ ನಡುವಿನ ಹೊತ್ತಿನಲ್ಲೇ ದಾವೀದನಿದ್ದಾನೆ, ಈ ಸಾಲುಗಳನ್ನು ಓದುತ್ತಿರುವ ನೀವೂ ಬಹುಶಃ ಅಲ್ಲೇ ಇದ್ದೀರಿ. ಆದ್ದರಿಂದ ತಿರುವಿನ ಸಾಲು ಬರೆಯುವಾಗ ಇಲ್ಲದ ಸಂತೋಷವನ್ನು ತರಿಸಿಕೊಳ್ಳಬೇಡಿ. “ಆದರೆ ನಾಳೆಯೂ ನಿನ್ನ ಬಳಿಗೇ ಬರುತ್ತೇನೆ” ಎನ್ನುವಷ್ಟು ಸತ್ಯವಾಗಿ ಹೇಳಲು ಬಂದರೆ ಅದೇ ತಿರುವು. ಅದೂ ಬಾರದಿದ್ದರೆ ಮೂರನೆಯ ಭಾಗಕ್ಕೇ ನಿಲ್ಲಿಸಿ ಹಾಳೆ ಮಡಿಸಿಡಿ, ಮರುದಿನ ಅಲ್ಲಿಂದಲೇ ಮುಂದುವರಿಸಿ. ದೂರನ್ನು ಬಿಟ್ಟು ಮೊದಲ ದಿನವೇ ತಿರುವಿಗೆ ಓಡುವುದೇ ಈ ಕ್ರಮದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು. ಕೀವು ತೆಗೆಯದೆ ಕಟ್ಟಿದ ಗಾಯದಂತೆ ಅದು ಕೆಲವು ವಾರಗಳಲ್ಲಿ ಒಳಗೇ ಬಾತುಕೊಳ್ಳುತ್ತದೆ.

ದುಃಖ ದೊಡ್ಡದಾಗಿ ಎಲ್ಲಿಂದ ಶುರುಮಾಡಬೇಕೋ ತಿಳಿಯದವರಿಗೆ ಪ್ರಲಾಪಗಳ ಗ್ರಂಥ ಇನ್ನೊಂದು ದಾರಿ ತೋರಿಸುತ್ತದೆ. ಯೆರೂಸಲೇಮ್ ಬಾಬೆಲಿನವರ ಕೈಗೆ ಸಿಕ್ಕಿ ಸುಟ್ಟು ಹಾಳಾದ ಮೇಲೆ, ಅಂದರೆ ಕ್ರಿ.ಪೂ. 6ನೆಯ ಶತಮಾನದಲ್ಲಿ, ಹುಟ್ಟಿದ ಐದು ಪದ್ಯಗಳು ಅವು. ಇಬ್ರಿಯ ಅಕ್ಷರಮಾಲೆಯಲ್ಲಿ 22 ಅಕ್ಷರಗಳು. 1, 2 ಮತ್ತು 4ನೆಯ ಅಧ್ಯಾಯಗಳಲ್ಲಿ 22 ವಚನಗಳಿದ್ದು, ಒಂದೊಂದೂ ಒಂದೊಂದು ಅಕ್ಷರದಿಂದ ಕ್ರಮವಾಗಿ ಶುರುವಾಗುತ್ತದೆ. 3ನೆಯ ಅಧ್ಯಾಯದಲ್ಲಿ ಪ್ರತಿ ಅಕ್ಷರಕ್ಕೆ ಮೂರರಂತೆ 66 ವಚನ. ಗೋಡೆಗಳೆಲ್ಲ ಬಿದ್ದ ಊರಿನಲ್ಲಿ ಕವಿಗೆ ಉಳಿದದ್ದು ಅಕ್ಷರಮಾಲೆಯ ಬೇಲಿಯೊಂದೇ. ಅದರೊಳಗೆ ಅವನು ದುಃಖವನ್ನು ಮೊದಲಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೂ ಬಿಡದೆ ಹೇಳುತ್ತಾನೆ. ಕನ್ನಡದಲ್ಲೂ ಇದನ್ನು ಮಾಡಬಹುದು. ದಿನಕ್ಕೆ ಒಂದೋ ಎರಡೋ ಅಕ್ಷರ: ಅ ಎಂದರೆ ಅಂಜಿಕೆ, ಆ ಎಂದರೆ ಆಸ್ಪತ್ರೆಯ ಆ ರಾತ್ರಿ, ಇ ಎಂದರೆ ಇಲ್ಲದ ಮನುಷ್ಯನ ಕುರ್ಚಿ. ಹೀಗೆ ಬರೆದಾಗ ದುಃಖಕ್ಕೆ ಮೊದಲೂ ಕೊನೆಯೂ ಇರುವ ಒಂದು ಅಳತೆ ಸಿಗುತ್ತದೆ. ಅಳತೆಯಿಲ್ಲದ ದುಃಖವೇ ಮನುಷ್ಯನನ್ನು ಹೆಚ್ಚು ಹೆದರಿಸುವುದು.

ಆ ಗ್ರಂಥದ ಪ್ರಸಿದ್ಧ ಮಾತು, ಯೆಹೋವನ ಕರುಣೆ ಮುಗಿದುಹೋಗಿಲ್ಲ, ಅದು ಪ್ರತಿ ಮುಂಜಾನೆ ಹೊಸದು ಎಂಬುದು, 3:22–23ರಲ್ಲಿದೆ. ಅಂದರೆ ಪುಸ್ತಕದ ನಡುಭಾಗದಲ್ಲಿ. ಅದರ ನಂತರವೂ ಹಸಿವು, ಅವಮಾನ, ಸಾವುಗಳ ಅಧ್ಯಾಯಗಳು ಮುಂದುವರಿಯುತ್ತವೆ. 5ನೆಯ ಅಧ್ಯಾಯದಲ್ಲಿ ವಚನಗಳು 22 ಇದ್ದರೂ ಅಕ್ಷರಕ್ರಮವೇ ತಪ್ಪಿಹೋಗಿದೆ, ಕೊನೆಯ ವಚನದಲ್ಲಿ “ನಮ್ಮನ್ನು ಪೂರಾ ತಳ್ಳಿಬಿಟ್ಟೆಯಾ” ಎಂಬ ಅಳಲು ಹಾಗೆಯೇ ಉಳಿದಿದೆ. ಭರವಸೆ ಒಮ್ಮೆ ಹೊಳೆದ ಮೇಲೆ ಮತ್ತೆ ಕತ್ತಲು ಕವಿದರೆ ಮೊದಲಿನದು ಸುಳ್ಳಾಗಿತ್ತು ಎಂದುಕೊಳ್ಳಬೇಕಿಲ್ಲ. ನಡುವೆ ಬಂದ ಬೆಳಕೂ ಬೆಳಕೇ.

ಇನ್ನು ಸಮಾಧಾನ ಹೇಳಲು ಬಳಸಿ ಬಳಸಿ ಸವೆಸಿದ ಕೆಲವು ವಚನಗಳ ವಿಷಯ. ಅವು ಸುಳ್ಳಲ್ಲ. ಇದ್ದ ಜಾಗದಿಂದ ಕಿತ್ತು ತಂದದ್ದರಿಂದ ಚುಚ್ಚುತ್ತವೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8:28, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಕೂಡಿಬರುತ್ತದೆ ಎನ್ನುತ್ತದೆ. ಆ ಹಿತ ಏನೆಂದು ಮುಂದಿನ ವಚನ, 29, ಹೇಳುತ್ತದೆ: ತನ್ನ ಮಗನ ಸಾರೂಪ್ಯಕ್ಕೆ ನಮ್ಮನ್ನು ತರುವುದು. ಹೋದ ಕೆಲಸಕ್ಕಿಂತ ದೊಡ್ಡ ಕೆಲಸ, ಮುರಿದ ಸಂಬಂಧಕ್ಕಿಂತ ಒಳ್ಳೆಯ ಸಂಬಂಧ ಎಂಬ ಮಾತು ಅಲ್ಲಿಲ್ಲ. ಎಲ್ಲವೂ ಒಳ್ಳೆಯದು ಎಂದೂ ಪೌಲನು ಹೇಳಿಲ್ಲ; ಅದೇ ಅಧ್ಯಾಯದಲ್ಲಿ ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದಿದ್ದಾನೆ. ಯೆರೆಮೀಯ 29:11ರ “ನಿರೀಕ್ಷೆಯ ಭವಿಷ್ಯ” ಗೋಡೆಗಳ ಮೇಲೆ ತೂಗುತ್ತದೆ. ಅದರ ಹಿಂದಿನ ವಚನದಲ್ಲಿ 70 ವರ್ಷ ಎಂದಿದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯನು ಬರೆದ ಪತ್ರ; ಅದನ್ನು ಕೇಳಿದ ವಯಸ್ಕರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಬೇಕಿತ್ತು. ಅವರಿಗೆ ದೇವರು ಹೇಳಿದ ಕೆಲಸಗಳು ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿಸಿರಿ, ಸೆರೆಯೊಯ್ದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಬಿಡುಗಡೆ ದೂರವಿರುವಾಗಲೂ ಇವತ್ತು ಮಾಡುವ ಸಣ್ಣ ಕೆಲಸದಲ್ಲಿ ದೇವರ ಒಳ್ಳೆಯತನ ಸಿಗುತ್ತದೆ ಎಂಬುದು ಆ ಪತ್ರದ ತಿರುಳು.

“ಹೊರಲಾರದ ಭಾರವನ್ನು ದೇವರು ಕೊಡುವುದಿಲ್ಲ” ಎಂಬ ಮಾತಂತೂ ಸತ್ಯವೇದದಲ್ಲಿ ಹಾಗೆ ಇಲ್ಲವೇ ಇಲ್ಲ. 1 ಕೊರಿಂಥ 10:13 ಶೋಧನೆಯ ಬಗ್ಗೆ ಹೇಳುತ್ತದೆ, ಪಾಪದಿಂದ ತಪ್ಪಿಸಿಕೊಳ್ಳುವ ದಾರಿಯ ಬಗ್ಗೆ. ದುಃಖದ ಭಾರದ ಬಗ್ಗೆ ಅದೇ ಪೌಲನು 2 ಕೊರಿಂಥ 1:8–9ರಲ್ಲಿ, ಆಸ್ಯಸೀಮೆಯಲ್ಲಿ ನಮಗೆ ಶಕ್ತಿ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟೆವು, ನಮ್ಮ ಮೇಲೆ ಭರವಸೆ ಇಡದೆ ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಇಡಲೆಂದೇ ಹೀಗಾಯಿತು, ಎನ್ನುತ್ತಾನೆ. ಶಕ್ತಿ ಮೀರಿದ ಭಾರ ಇದೆ. “ನನ್ನಿಂದ ಆಗುತ್ತಿಲ್ಲ” ಎಂದು ಅಪೊಸ್ತಲನೇ ಹೇಳಬಹುದಾದರೆ ನೀವೂ ಹೇಳಬಹುದು.

ದೇಹದ ಮಾತು ಇಲ್ಲಿ ಬರಲೇಬೇಕು, ಏಕೆಂದರೆ ಭಕ್ತಿಯ ಬರಹಗಳು ಇದನ್ನು ಬಿಟ್ಟುಬಿಡುತ್ತವೆ. 1 ಅರಸುಗಳು 18ರಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ಎಲೀಯನು 19ರಲ್ಲಿ ಒಂದು ದಿನದ ದಾರಿ ಅರಣ್ಯದೊಳಗೆ ನಡೆದು ಗಿಡವೊಂದರ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎನ್ನುತ್ತಾನೆ. ದೇವರು ಅವನಿಗೆ ಏನು ಮಾಡಿದನು, ಯಾವ ಕ್ರಮದಲ್ಲಿ ಮಾಡಿದನು ಎಂಬುದನ್ನು ಬೆರಳಿಟ್ಟು ಓದಬೇಕು. ಮೊದಲು ನಿದ್ದೆ. ಆಮೇಲೆ ದೇವದೂತನ ಮುಟ್ಟುವಿಕೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಮತ್ತೆ ನಿದ್ದೆ. ಮತ್ತೆ ಊಟ, ಅದರ ಜೊತೆಗೆ ಒಂದೇ ಮಾತು: ಈ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು. ನಂತರ ಹೋರೇಬ್ ಬೆಟ್ಟದವರೆಗೆ 40 ದಿನಗಳ ನಡಿಗೆ. “ಎಲೀಯನೇ, ಇಲ್ಲೇನು ಮಾಡುತ್ತೀ” ಎಂಬ ಪ್ರಶ್ನೆ ಬಂದದ್ದು ಇಷ್ಟೆಲ್ಲ ಆದಮೇಲೆ. ಗದರಿಕೆ ಎಲ್ಲೂ ಇಲ್ಲ. ಕೊನೆಗೆ ಅವನಿಗೆ ಎಲೀಷನೆಂಬ ಜೊತೆಗಾರನೂ ಸಿಕ್ಕಿದನು.

ಆದಕಾರಣ ನಿದ್ದೆಯಿಲ್ಲದೆ, ಊಟವಿಲ್ಲದೆ ಕಳೆದ ಮೂರನೆಯ ರಾತ್ರಿ “ದೇವರು ಒಳ್ಳೆಯವನೋ ಅಲ್ಲವೋ” ಎಂದು ತೀರ್ಮಾನಿಸಲು ಕೂರಬೇಡಿ. ಆ ಹೊತ್ತಿನಲ್ಲಿ ಯೋಚಿಸುತ್ತಿರುವುದು ನಿಮ್ಮ ದಣಿವು. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಸ್ವಲ್ಪ ತಿನ್ನಿ, ಬೆಳಕಿನಲ್ಲಿ ನಡೆಯಿರಿ, ದೊಡ್ಡ ನಿರ್ಧಾರಗಳನ್ನು ಮುಂದೂಡಿ. ಎರಡು ವಾರ ಕಳೆದರೂ ಮನಸ್ಸು ದಿನವಿಡೀ ಕುಸಿದೇ ಇದ್ದರೆ, ಯಾವುದರಲ್ಲೂ ರುಚಿಯಿಲ್ಲದಿದ್ದರೆ, ನಿದ್ದೆ ಹದಗೆಟ್ಟೇ ಇದ್ದರೆ ವೈದ್ಯರನ್ನು ಕಾಣಿ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಮಾತ್ರೆ ನುಂಗುವುದು, ಆಪ್ತಸಮಾಲೋಚಕರ ಬಳಿ ಕೂರುವುದು ಅವಿಶ್ವಾಸವಲ್ಲ. ದೇವದೂತನ ಕೈಯ ರೊಟ್ಟಿಯನ್ನು ಎಲೀಯನು ಬೇಡವೆನ್ನಲಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಒಬ್ಬರೇ ಪ್ರಾರ್ಥಿಸುತ್ತಾ ಕೂರಬೇಡಿ. ಈ ಹೊತ್ತೇ ನಂಬಿಕಸ್ತರೊಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರನ್ನು ಪಕ್ಕದಲ್ಲೇ ಇರಿಸಿಕೊಂಡು ವೈದ್ಯರ ಬಳಿಗೆ ಹೋಗಿ.

ನೆನಪು ಇನ್ನೊಂದು ಸಾಧನ. 77ನೆಯ ಕೀರ್ತನೆಯಲ್ಲಿ ಆಸಾಫನು 7ರಿಂದ 9ನೆಯ ವಚನದೊಳಗೆ ಆರು ಪ್ರಶ್ನೆ ಕೇಳುತ್ತಾನೆ: ಕರ್ತನು ಸದಾಕಾಲಕ್ಕೂ ತಳ್ಳಿಬಿಡುವನೋ, ಕೃಪೆ ತೀರಿಯೇ ಹೋಯಿತೋ, ದಯೆ ತೋರಿಸುವುದನ್ನೇ ಮರೆತನೋ. ಉತ್ತರ ಬರುವುದಿಲ್ಲ. ಅವನು ಹಳೆಯ ದಿನಗಳನ್ನು ಬೇಕೆಂದೇ ನೆನಪಿಗೆ ತಂದುಕೊಳ್ಳುತ್ತಾನೆ, ಸಮುದ್ರ ದಾಟಿದ ದಿನವನ್ನು. ಅಲ್ಲೂ ಅವನಿಗೆ ಕಾಣುವುದೇನು? ನಿನ್ನ ಮಾರ್ಗ ಸಮುದ್ರದಲ್ಲಿತ್ತು, ನಿನ್ನ ಹೆಜ್ಜೆಯ ಗುರುತು ಕಾಣಲಿಲ್ಲ. ದಾಟಿಸಿದ್ದು ನಿಜ, ಹೆಜ್ಜೆ ಕಾಣದ್ದೂ ನಿಜ. 1 ಸಮುವೇಲ 7ನೆಯ ಅಧ್ಯಾಯದಲ್ಲಿ ಸಮುವೇಲನು ನಿಲ್ಲಿಸಿದ ಕಲ್ಲು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ. “ಯೆಹೋವನು ಇಲ್ಲಿಯವರೆಗೆ ನಮಗೆ ಸಹಾಯಮಾಡಿದನು” ಎಂದು ಅದಕ್ಕೆ ಎಬೆನೆಜೆರ್ ಎಂದು ಹೆಸರಿಟ್ಟನು. ಅದೇ ಪುಸ್ತಕದ 4ನೆಯ ಅಧ್ಯಾಯದಲ್ಲಿ ಆ ಹೆಸರು ಬಂದಿರುವುದು ಸೋಲಿನ ಪಾಳೆಯದ ಜೊತೆಗೆ: ಇಸ್ರಾಯೇಲ್ಯರು ಎಬೆನೆಜೆರಿನಲ್ಲಿ ಇಳಿದುಕೊಂಡಿದ್ದಾಗಲೇ ಫಿಲಿಷ್ಟಿಯರಿಗೆ ಸೋತು ದೇವರ ಒಡಂಬಡಿಕೆಯ ಮಂಜೂಷವನ್ನೂ ಕಳೆದುಕೊಂಡರು. ಆ ಸೋಲಿಗೂ ಈ ಕಲ್ಲಿಗೂ ನಡುವೆ ಇಪ್ಪತ್ತು ವರ್ಷಗಳ ಗೋಳಾಟವಿದೆ. “ಎಷ್ಟರವರೆಗೆ” ಎಂಬ ಪ್ರಶ್ನೆಗೆ ನಮ್ಮ ಕೈಯಲ್ಲಿರುವ ಉತ್ತರ ಬಹುಪಾಲು ಸಲ “ಇಲ್ಲಿಯವರೆಗೆ” ಎಂಬುದಷ್ಟೇ.

ಇದಕ್ಕೊಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಎಡಪುಟದಲ್ಲಿ ತಾರೀಕು ಮತ್ತು ಬೇಡಿಕೆ, ಬಲಪುಟ ಖಾಲಿ. ತಿಂಗಳಿಗೊಮ್ಮೆ ಹಿಂದಕ್ಕೆ ತಿರುವಿ ಬಲಪುಟದಲ್ಲಿ ಆದದ್ದನ್ನು ಬರೆಯಿರಿ: ಕೇಳಿದ್ದು ಸಿಕ್ಕಿತು, ಬೇರೆಯದು ಸಿಕ್ಕಿತು, ಇಲ್ಲ ಎಂದಾಯಿತು, ಇನ್ನೂ ಕಾಯುತ್ತಿದ್ದೇನೆ. ಸಿಕ್ಕಿದ್ದನ್ನು ಮಾತ್ರ ಬರೆದಿಟ್ಟರೆ ಪುಸ್ತಕ ಸುಳ್ಳು ಹೇಳತೊಡಗುತ್ತದೆ, ದೊಡ್ಡ ನಷ್ಟ ಬಂದ ದಿನ ಕೈಕೊಡುತ್ತದೆ. ಬರೆಯಲು ಏನೂ ತೋಚದ ದಿನ ಆ ದಿನದ ಅನ್ನವನ್ನೇ ಬರೆಯಿರಿ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಅದಕ್ಕೂ ಒಂದು ಸಾಲಿದೆ.

ಆದರೂ ಲೆಕ್ಕದ ಪುಸ್ತಕದ ಮೇಲೆ ದೇವರ ಒಳ್ಳೆಯತನವನ್ನು ನಿಲ್ಲಿಸಲಾಗದು. ಅಪೊಸ್ತಲರ ಕೃತ್ಯಗಳು 12ನೆಯ ಅಧ್ಯಾಯ ಓದಿ. ಹೆರೋದನು ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ, ಒಂದೇ ವಚನದಲ್ಲಿ ಅವನ ಕಥೆ ಮುಗಿಯುತ್ತದೆ. ಪೇತ್ರನನ್ನು ದೇವದೂತನು ಸೆರೆಯಿಂದ ಬಿಡಿಸುತ್ತಾನೆ, ಅದಕ್ಕೆ ಅರ್ಧ ಅಧ್ಯಾಯ. ಒಂದೇ ಸಭೆ, ಒಂದೇ ಅರಸ, ಇಬ್ಬರೂ ಯೇಸುವಿನ ಆಪ್ತಶಿಷ್ಯರು. ಏಕೆ ಹೀಗೆಂದು ಲೂಕನು ವಿವರಿಸುವುದಿಲ್ಲ, ಪೇತ್ರನ ವಿಶ್ವಾಸ ದೊಡ್ಡದಿತ್ತು ಎಂದೂ ಹೇಳುವುದಿಲ್ಲ. ಬಿಡುಗಡೆಯಾದ ಪೇತ್ರನು ಬಾಗಿಲು ತಟ್ಟಿದಾಗ ಪ್ರಾರ್ಥಿಸುತ್ತಿದ್ದವರೇ ನಂಬಲಿಲ್ಲವಲ್ಲ! ಹೆಚ್ಚು ನಂಬಿದವರಿಗೆ ಬಿಡುಗಡೆ, ಕಡಿಮೆ ನಂಬಿದವರಿಗೆ ಕತ್ತಿ ಎಂಬ ಬೋಧನೆ ಈ ಒಂದು ಅಧ್ಯಾಯದ ಮುಂದೆ ನಿಲ್ಲುವುದಿಲ್ಲ. ನೊಂದವರ ಮೇಲೆ ಹೊರಿಸುವ ಬೋಧನೆಗಳಲ್ಲಿ ಅದರಷ್ಟು ಕ್ರೂರವಾದದ್ದು ಕಡಿಮೆ.

ಕ್ರೈಸ್ತರು ದೇವರ ಒಳ್ಳೆಯತನವನ್ನು ಓದಿಕೊಳ್ಳುವ ಜಾಗ ಶಿಲುಬೆ. ತನ್ನ ಸ್ವಂತ ಮಗನನ್ನೇ ಉಳಿಸಿಕೊಳ್ಳದೆ ಒಪ್ಪಿಸಿಕೊಟ್ಟವನು ಎಂದು ಪೌಲನು ರೋಮಾಪುರದವರಿಗೆ 8:32ರಲ್ಲಿ ಬೊಟ್ಟುಮಾಡುವುದು ಅಲ್ಲಿಗೇ. ಗೆತ್ಸೇಮನೆಯಲ್ಲಿ ಮೂರು ಸಲ ಕೇಳಿದರೂ ಪಾತ್ರೆ ದಾಟಿಹೋಗಲಿಲ್ಲ. ಶಿಲುಬೆಯ ಮೇಲೆ ಯೇಸು 22ನೆಯ ಕೀರ್ತನೆಯ ಮೊದಲ ಸಾಲನ್ನು ಕೂಗಿದನು, 31ನೆಯ ಕೀರ್ತನೆಯ 5ನೆಯ ವಚನ ಹೇಳಿ ಪ್ರಾಣಬಿಟ್ಟನು. ನೀವು ಕೈಗೆತ್ತಿಕೊಳ್ಳುವ ಮೊರೆಯ ಕೀರ್ತನೆಗಳು ಅವನ ಬಾಯಲ್ಲಿ ಒಮ್ಮೆ ಹಾದುಬಂದವು. ನನ್ನ ಸಂಕಟಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಶಿಲುಬೆ ಉತ್ತರ ಹೇಳದಿರಬಹುದು. ದೇವರಿಗೆ ನಾನು ಬೇಡವಾದೆನೇ ಎಂಬ ಪ್ರಶ್ನೆಗೆ ಹೇಳುತ್ತದೆ.

ನೊಂದವರ ಬಳಿಗೆ ಹೋಗುವವರಿಗೂ ಸ್ವಲ್ಪ ಹೇಳಬೇಕು. ಅವರ ನಡವಳಿಕೆಯಿಂದ ದೇವರ ಒಳ್ಳೆಯತನ ನಂಬಲು ಸುಲಭವಾಗುತ್ತದೆ ಅಥವಾ ಕಷ್ಟವಾಗುತ್ತದೆ. ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಷ್ಟು ಹೊತ್ತು ಅವರು ಸರಿಯಾಗಿಯೇ ಇದ್ದರು. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆ ಕೆಟ್ಟರು, ದೇವರು ಕೊನೆಗೆ ಸಿಟ್ಟಾದದ್ದೂ ಅವರ ಮೇಲೆಯೇ. ಬೇಥಾನ್ಯದಲ್ಲಿ ಮಾರ್ಥಳೂ ಮರಿಯಳೂ ಯೇಸುವಿಗೆ ಒಂದೇ ಮಾತು ಹೇಳಿದರು: ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳ ಜೊತೆ ಅವನು ಪುನರುತ್ಥಾನದ ಮಾತಾಡಿದನು, ಮರಿಯಳ ಜೊತೆ ಅತ್ತನು. ಲಾಜರನನ್ನು ಇನ್ನೇನು ಎಬ್ಬಿಸುವವನಿದ್ದರೂ ಅತ್ತನು. ಯಾರಿಗೆ ಮಾತು ಬೇಕು, ಯಾರಿಗೆ ಕಣ್ಣೀರು ಬೇಕು ಎಂದು ತಿಳಿಯದಿದ್ದರೆ ಕಣ್ಣೀರಿನ ಕಡೆಗೇ ಇರಿ. “ಏನಾದರೂ ಬೇಕಾದರೆ ಹೇಳಿ” ಎನ್ನುವುದಕ್ಕಿಂತ “ಗುರುವಾರ ಮಕ್ಕಳನ್ನು ನಾನು ಶಾಲೆಯಿಂದ ಕರೆತರುತ್ತೇನೆ” ಎನ್ನುವುದು ಮೇಲು. ಮೊದಲ ವಾರ ಮನೆತುಂಬ ಜನ ಇರುತ್ತಾರೆ. ಮೂರನೆಯ ತಿಂಗಳು ಯಾರೂ ಬಾರದ ಹೊತ್ತಿನಲ್ಲಿ ಹೋಗಿ. ಸತ್ತವರ ಹೆಸರು ಹಿಡಿದು ಮಾತಾಡಿ.

ಕಷ್ಟ ಬಂದದ್ದು ಮನುಷ್ಯರ ಕೈಯಿಂದಾದರೆ ಎಚ್ಚರ ಇನ್ನೂ ಹೆಚ್ಚಿರಬೇಕು. ನೀವು ಕೇಡನ್ನು ಯೋಚಿಸಿದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದನು ಎಂಬ ಆದಿಕಾಂಡ 50:20ರ ಮಾತನ್ನು ಹಾನಿಗೊಳಗಾದವರಿಗೆ ಹೇಳಿ ಬಾಯಿ ಮುಚ್ಚಿಸುವುದುಂಟು. ಯೋಸೇಫನಿಗೆ ಆ ಮಾತನ್ನು ಬೇರೆ ಯಾರೂ ಹೇಳಲಿಲ್ಲ, ಹಾನಿ ಅನುಭವಿಸಿದ ಅವನೇ ಹೇಳಿದನು. ಯಾವಾಗ ಎಂದು ಲೆಕ್ಕಹಾಕಿ. ಅಣ್ಣಂದಿರ ಕೈಯಿಂದ ಮಾರಾಟವಾದಾಗ ಅವನಿಗೆ 17, ಫರೋಹನ ಮುಂದೆ ನಿಂತಾಗ 30, ಏಳು ವರ್ಷ ಸುಭಿಕ್ಷ ಎರಡು ವರ್ಷ ಬರ ಕಳೆದು ಅಣ್ಣಂದಿರಿಗೆ ತನ್ನ ಗುರುತು ಹೇಳಿದಾಗ 39ರ ಸುಮಾರು. ಅವರ ತಂದೆ ಯಾಕೋಬನು ಐಗುಪ್ತದಲ್ಲಿ 17 ವರ್ಷ ಬದುಕಿ ಸತ್ತ ಮೇಲೆ ಈ ಮಾತು ಬಂತು. ಅಷ್ಟರಲ್ಲಿ ಅವನು ಮಾರಾಟವಾಗಿ ಹೆಚ್ಚುಕಡಿಮೆ 39 ವರ್ಷ ಕಳೆದಿತ್ತು. ಆಗಲೂ ಅವನು ಕೇಡನ್ನು ಕೇಡು ಎಂದೇ ಕರೆದನು. ದೇವರು ಒಳ್ಳೆಯವನು ಎಂಬ ಕಾರಣಕ್ಕೆ ಹೊಡೆಯುವವರ ಮನೆಯಲ್ಲಿ ಉಳಿಯಬೇಕಿಲ್ಲ, ಅಪರಾಧವನ್ನು ಮುಚ್ಚಿಡಬೇಕಿಲ್ಲ. ದಾವೀದನು ಅಭಿಷಿಕ್ತನಾಗಿದ್ದರೂ ಸೌಲನ ಈಟಿ ಬಂದಾಗ ಪಕ್ಕಕ್ಕೆ ಸರಿದು ಓಡಿಹೋದನು.

ಪ್ರಾರ್ಥಿಸಲು ಒಂದು ಸಾಲೂ ಬಾರದ ರಾತ್ರಿಗಳಿಗೆ 88ನೆಯ ಕೀರ್ತನೆ ಇದೆ. ಎಜ್ರಾಹ್ಯನಾದ ಹೇಮಾನನ ಹೆಸರಿನಲ್ಲಿದೆ. ಅದರಲ್ಲಿ ತಿರುವಿಲ್ಲ, “ಆದರೆ ನಾನು ಹರ್ಷಿಸುವೆನು” ಎಂಬ ಸಾಲಿಲ್ಲ, ಇಬ್ರಿಯದಲ್ಲಿ ಅದು ಮುಗಿಯುವುದೇ ಕತ್ತಲೆ ಎಂಬ ಪದದಿಂದ. ಆದರೂ ಹೇಮಾನನು ಹಗಲೂ ಇರುಳೂ ಕೂಗುತ್ತಿರುವುದು ನನ್ನ ರಕ್ಷಣೆಯ ದೇವರೇ ಎಂದು. ಅವನ ಮಾತನ್ನೇ ನಿಮ್ಮ ಮಾತಾಗಿಸಿಕೊಂಡು ಗಟ್ಟಿಯಾಗಿ, ನಿಧಾನವಾಗಿ ಓದಿ. ಮೂರು ನಿಮಿಷ ಸಾಕು. ಏನನ್ನೂ ಸೇರಿಸದೆ ಪುಸ್ತಕ ಮುಚ್ಚಿ ದೀಪ ಆರಿಸಿ ಮಲಗಿ. ಬೆಳಗಾದ ಮೇಲೆ ಪುಟ ತಿರುವಿದರೆ 89 ಇದೆ, ಎಜ್ರಾಹ್ಯನಾದ ಇನ್ನೊಬ್ಬನದು, ಏತಾನನದು. ಅದು ಯೆಹೋವನ ಕೃಪೆಯನ್ನು ಸದಾ ಹಾಡುವೆನು ಎಂದು ಶುರುವಾಗುತ್ತದೆ. 46ನೆಯ ವಚನಕ್ಕೆ ಬರುವಷ್ಟರಲ್ಲಿ ಅವನೂ ಕೇಳುತ್ತಾನೆ, ಯೆಹೋವನೇ, ಎಷ್ಟರವರೆಗೆ ಎಂದು.